ಗುಟ್ಟಿನ ಅಂಕೆ

ಅಕ್ಕಾ, ನಿಮಗೆ ಈಗ ಅಂಕೆ ಓದಲು ಬರುತ್ತದೆ. ಅಂಕೆ ಕಾಯುವುದನ್ನೂ ಕಲಿಯೋಣ.

ಗೃಹಲಕ್ಷ್ಮಿ ಯೋಜನೆ 2023ರ ಆಗಸ್ಟ್‌ನಲ್ಲಿ ಶುರುವಾಯಿತು. ತಿಂಗಳಿಗೆ 2000 ರೂಪಾಯಿ. ಹಣ ಮನೆಯ ಯಜಮಾನಿಯ ಖಾತೆಗೆ. ಆ ಖಾತೆಗೆ ಬೀಗ ಇದೆ. ಎಟಿಎಂನಲ್ಲಿ ನಾಲ್ಕು ಅಂಕೆಯೇ ಅದರ ಕೀಲಿಕೈ. ಅದೇ ಪಿನ್.

ಒಂದು ದಿನ ಫೋನ್ ಬರುತ್ತದೆ.

“ಅಕ್ಕಾ, ಬ್ಯಾಂಕಿನಿಂದ ಮಾತಾಡ್ತಿದೀನಿ. ನಿಮ್ಮ ಗೃಹಲಕ್ಷ್ಮಿ ಹಣ ನಿಂತಿದೆ. ಮೊಬೈಲಿಗೆ ಬಂದ ಒಟಿಪಿ ಹೇಳಿ.”

“ಯಾಕಪ್ಪಾ ಹೇಳಬೇಕು?”

“ಹೇಳಿದ್ರೆ ಹಣ ಜಮಾ ಆಗ್ತದೆ.”

ಸುಳ್ಳು! ಹಣ ಜಮಾ ಆಗಲು ಪಿನ್ ಬೇಡ, ಒಟಿಪಿ ಬೇಡ. ತೆಗೆಯಲು ಬೇಕು. ಬ್ಯಾಂಕಿನವರು ಫೋನಿನಲ್ಲಿ ಇವನ್ನು ಕೇಳುವುದಿಲ್ಲ. ಫೋನ್ ಇಟ್ಟುಬಿಡಿ.

ಪಿನ್ 1234 ಬೇಡ. ಹುಟ್ಟಿದ ವರ್ಷವೂ ಬೇಡ, ಅದು ಆಧಾರ್ ಕಾರ್ಡಿನಲ್ಲೇ ಇದೆ. ಎಟಿಎಂಗೆ ಮಗನೇ ಹೋಗ್ತಾನೆ ಅಂತೀರಾ? ಜೊತೆಗೆ ನೀವೂ ಹೋಗಿ. ಅಂಕೆ ನೀವೇ ಒತ್ತಿ.

ಬ್ಯಾಂಕಿನ ನಂಬರನ್ನು ಮಕ್ಕಳು ಗೂಗಲ್‌ನಲ್ಲಿ ಹುಡುಕಿ ಕೊಡುತ್ತಾರೆ. ಅಲ್ಲಿ ಮೊದಲು ಕಾಣುವುದು ದುಡ್ಡು ಕೊಟ್ಟು ಹಾಕಿಸಿದ ಜಾಹೀರಾತು ಇರಬಹುದು. ಕಳ್ಳರೂ ತಮ್ಮ ನಂಬರ್ ಹಾಕಿರುತ್ತಾರೆ. ನಿಮ್ಮ ಎಟಿಎಂ ಕಾರ್ಡು ತಿರುಗಿಸಿ ನೋಡಿ. ಹಿಂದೆ ಬ್ಯಾಂಕಿನ ನಂಬರ್ ಇರುತ್ತದೆ. ಅದನ್ನೇ ಒತ್ತಿ. ಇಲ್ಲವೇ ಕೋಗಿಲಬನದಿಂದ ದಾಂಡೇಲಿಗೆ ಹೋಗಿ ಬ್ಯಾಂಕಿನಲ್ಲೇ ಕೇಳಿ.

ಹಣ ಹೋಯಿತೇ? ಮನೆಯವರು ಬೈದಾರು ಎಂದು ಮುಚ್ಚಿಡಬೇಡಿ. ಕೂಡಲೇ 1930ಕ್ಕೆ ಫೋನ್ ಮಾಡಿ. ಬ್ಯಾಂಕಿಗೂ ಹೇಳಿ. ಬೇಗ ಹೇಳಿದರೆ ಹಣ ತಡೆಯಲು ಆದೀತು.

ಬರೆಯಿರಿ: 1930 1930 1930