ಐತವಾರದ ಊಟ



ನಿನ್ನೆ ರಾತ್ರಿ ನಿಮ್ಮ ಮನೆಯಲ್ಲಿ ಯಾರು ಮೊದಲು ಉಂಡರು? ಯಾರು ಕಡೆಗೆ ಉಂಡರು? ನೆನಪು ಮಾಡಿಕೊಳ್ಳಿ. ಆಮೇಲೆ ಮುಂದೆ ಓದಿ.

ಸೋಲಾಪುರ, ಅಕ್ಕಲಕೋಟೆ ಕಡೆ ವಾರದ ಆರು ದಿನ ಮನೆಮಂದಿ ಕೂಡಿ ಉಣ್ಣುವುದು ಕಷ್ಟ. ಒಬ್ಬರು ಮಗ್ಗದ ಪಾಳಿಗೆ ಹೋಗುತ್ತಾರೆ. ರಾತ್ರಿ ಪಾಳಿಯವರು ಹಗಲು ಮಲಗುತ್ತಾರೆ. ಒಬ್ಬರು ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಾರೆ. ಮಕ್ಕಳು ಸಾಲಿಯಲ್ಲಿ ಉಣ್ಣುತ್ತಾರೆ. ಉಳಿಯುವುದು ಐತವಾರ ಒಂದೇ.

ಆ ಐತವಾರದ ರಜೆಯೂ ಸುಮ್ಮನೆ ಬಂದದ್ದಲ್ಲ. ಮುಂಬೈಯ ಬಟ್ಟೆ ಗಿರಣಿಗಳಲ್ಲಿ ಮೊದಲು ವಾರದ ರಜೆ ಇರಲಿಲ್ಲ. ನಾರಾಯಣ ಮೇಘಾಜಿ ಲೋಖಂಡೆ ಎಂಬವರು ಕೂಲಿಕಾರರನ್ನು ಕೂಡಿಸಿ ರಜೆ ಕೇಳಿದರು. ವರ್ಷಗಟ್ಟಲೆ ಕೇಳಿದರು. 1890ರಲ್ಲಿ ಗಿರಣಿ ಮಾಲಕರು ಒಪ್ಪಿದರು. ಮುಂದೆ 1948ರ ಕಾರ್ಖಾನೆ ಕಾಯ್ದೆಯೂ ವಾರಕ್ಕೊಂದು ದಿನ ರಜೆ ಕೊಡಬೇಕೆಂದು ಹೇಳಿತು.

ಮನೆಯಲ್ಲಿ ಬೀಡಿ ಕಟ್ಟುವ ಅಕ್ಕನ ಪಾಲಿಗೆ ಮಾತ್ರ ಈ ರಜೆ ಇನ್ನೂ ಬಂದಿಲ್ಲ. ಅವಳ ಕೂಲಿ ಸಾವಿರ ಬೀಡಿಯ ಲೆಕ್ಕದ್ದು. ಕೈ ನಿಂತರೆ ಕೂಲಿ ನಿಂತಿತು. ಅವಳಿಗೆ "ಇಡೀ ದಿನ ಆರಾಮ ಕುಂದರ್ರಿ" ಎಂದು ಹೇಳುವುದು ಸುಲಭ, ನಡೆಸುವುದು ಕಷ್ಟ. ಅದಕ್ಕೇ ನಾವು ಹೇಳುವುದು ಒಂದು ಹೊತ್ತಿನ ಮಾತು ಅಷ್ಟೇ. ಐತವಾರ ಮಧ್ಯಾಹ್ನ ಒಂದು ಹೊತ್ತು, ಎಲ್ಲರೂ ಕೂಡಿ ಉಣ್ಣುವುದು.

ಇದಕ್ಕೆ ಅಡ್ಡಿ ಏನು? ರೊಟ್ಟಿಯೇ ಅಡ್ಡಿ! ನಗಬೇಡಿ. ಜೋಳದ ಹಿಟ್ಟಿಗೆ ಗೋಧಿ ಹಿಟ್ಟಿನ ಹಾಗೆ ಜಿಗುಟು ಇಲ್ಲ. ಬಿಸಿನೀರು ಹಾಕಿ ನಾದಬೇಕು. ಕೈಯಿಂದ ಬಡಿಯಬೇಕು. ಒಂದೊಂದೇ ಹಂಚಿಗೆ ಹಾಕಬೇಕು. ಉಣ್ಣುವವರಿಗೋ ಬಿಸಿ ರೊಟ್ಟಿಯೇ ಬೇಕು.

"ಇನ್ನೊಂದು ಬಿಸೀದು ತಾ" ಎಂದು ಗಂಡ ಕೂಗುತ್ತಾನೆ.

"ತಡೀರಿ, ತಂದೆ" ಎಂದು ಹೆಂಡತಿ ಒಲೆಯ ಮುಂದಿನಿಂದ ಹೇಳುತ್ತಾಳೆ.

ಎಲ್ಲರೂ ಕೈ ತೊಳೆದ ಮೇಲೆ ಅವಳ ಊಟ. ಅಷ್ಟೊತ್ತಿಗೆ ಪಲ್ಯದ ಬೋಗಾಣಿಯ ತಳ ಕಾಣುತ್ತದೆ. ಶೇಂಗಾ ಹಿಂಡಿ ಹಚ್ಚಿಕೊಂಡು ಒಂದೂವರೆ ರೊಟ್ಟಿ ತಿಂದು ಏಳುತ್ತಾಳೆ. "ನನಗ ಇಷ್ಟ ಸಾಕು" ಎನ್ನುತ್ತಾಳೆ. ಸಾಕಾಗಿರುವುದಿಲ್ಲ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಕಂಡುಬಂತು. ಅಂದ್ರೆ ಮೈಯಲ್ಲಿ ರಕ್ತ ಕಡಿಮೆ. ಕಾರಣ ಹಲವು ಇವೆ. ಉಳಿದದ್ದನ್ನು ಉಣ್ಣುವುದೂ ಅದರಲ್ಲಿ ಒಂದು.

ಎಳ್ಳಮವಾಸಿ ದಿನ ನಾವು ಹೇಗೆ ಉಣ್ಣುತ್ತೇವೆ? ರೊಟ್ಟಿ, ಭಜ್ಜಿ, ಕಡಬು, ಅಂಬಲಿ ಎಲ್ಲ ಬುಟ್ಟಿಯಲ್ಲಿ ಹೊತ್ತು ಹೊಲಕ್ಕೆ ಹೋಗುತ್ತೇವೆ. ಚರಗ ಚೆಲ್ಲುತ್ತೇವೆ. ಆಮೇಲೆ ಎಲ್ಲರೂ ಗಿಡದ ನೆರಳಿಗೆ ಕೂಡುತ್ತೇವೆ. ಅಲ್ಲಿ ಒಲೆ ಇಲ್ಲ. ಅದಕ್ಕೇ ಅಡುಗೆ ಮಾಡಿದ ಅವ್ವನೂ ನಮ್ಮ ಸಾಲಿನಲ್ಲೇ ಕೂಡುತ್ತಾಳೆ!

ಐತವಾರವೂ ಹೀಗೇ ಮಾಡಬಹುದು. ಊಟಕ್ಕೆ ಕೂಡುವ ಮೊದಲೇ ಒಲೆ ಆರಿಸಿ. ಖಡಕ್ ರೊಟ್ಟಿ ಮಾಡಿಟ್ಟಿದ್ದರೆ ಚಿಂತೆಯೇ ಇಲ್ಲ. ಅದು ಚೆನ್ನಾಗಿ ಒಣಗಿದ್ದರೆ ವಾರಗಟ್ಟಲೆ ಕೆಡುವುದಿಲ್ಲ. ಮೆತ್ತನ್ನ ರೊಟ್ಟಿ ಬೇಕೆಂದರೆ ಎಲ್ಲವನ್ನೂ ಮೊದಲೇ ಬಡಿದು, ಬುಟ್ಟಿಯಲ್ಲಿ ಬಟ್ಟೆ ಹಾಸಿ ಮುಚ್ಚಿಡಿ. ಸ್ವಲ್ಪ ಆರಿದ ರೊಟ್ಟಿ ತಿಂದರೆ ಯಾವ ಗಂಡಸಿಗೂ ಏನೂ ಆಗುವುದಿಲ್ಲ.

ಝುಣಕ ಮಾಡುವುದು ಅಣ್ಣಂದಿರ ಪಾಲಿಗಿರಲಿ. ಇದು ಬಹಳ ಸುಲಭ. ಎಣ್ಣೆ ಕಾಯಿಸಿ ಸಾಸಿವೆ, ಜೀರಿಗೆ ಸಿಡಿಸಿ. ಹೆಚ್ಚಿದ ಉಳ್ಳಾಗಡ್ಡಿ ಹಾಕಿ ಕೆಂಪಗೆ ಹುರಿಯಿರಿ. ಅರಿಶಿಣ, ಖಾರಪುಡಿ, ಉಪ್ಪು ಹಾಕಿ. ಒಂದೂವರೆ ವಾಟಿ ನೀರು ಸುರಿದು ಕುದಿಸಿ. ಒಂದು ವಾಟಿ ಕಡಲೆ ಹಿಟ್ಟನ್ನು ಸ್ವಲ್ಪ ಸ್ವಲ್ಪವೇ ಉದುರಿಸಿ. ಇನ್ನೊಂದು ಕೈಯಿಂದ ತಿರುವುತ್ತಲೇ ಇರಿ. ಇಲ್ಲವಾದರೆ ಗಂಟಾಗುತ್ತದೆ. ಮುಚ್ಚಿ ಸಣ್ಣ ಉರಿಯಲ್ಲಿ ಬೇಯಿಸಿ. ಕೊತ್ತಂಬರಿ ಉದುರಿಸಿ. ಮೊದಲ ಸಲ ಗಂಟಾದರೂ ಉಣ್ಣಬಹುದು, ಯಾರೂ ಹೆಸರಿಡಬೇಡಿ.

ಜೊತೆಗೆ ಒಂದು ಸೊಪ್ಪಿನ ಪಲ್ಯ ಇರಲಿ. ಒಂದು ಹೋಳು ಲಿಂಬೆ ಇರಲಿ. ಸೊಪ್ಪಿನಲ್ಲಿರುವ ಕಬ್ಬಿಣದ ಅಂಶ ಮೈಗೆ ಹತ್ತಲು ಲಿಂಬೆ ಸಹಾಯ ಮಾಡುತ್ತದೆ. ಚಹಾ ಅಡ್ಡಿ ಮಾಡುತ್ತದೆ. ಊಟವಾದ ಕೂಡಲೇ ಚಹಾ ಬೇಡ, ಒಂದು ತಾಸು ತಡೆಯಿರಿ. ಟಿ.ವಿ., ಮೊಬೈಲು ಆ ಹೊತ್ತಿಗೆ ಬಂದ್.

ಈಗ ನಿಮಗೆ ಓದು ಬರಹ ಬಂದಿದೆ. ಒಂದು ಚೀಟಿ ಬರೆದು ಅಡುಗೆಮನೆಯ ಗೋಡೆಗೆ ಅಂಟಿಸಿ. ಹೀಗೆ ಬರೆಯಬಹುದು:

ಐತವಾರ, ಮಧ್ಯಾಹ್ನ 1 ಗಂಟೆ
ರೊಟ್ಟಿ – ಅವ್ವ
ಝುಣಕ – ಅಪ್ಪ
ಸೊಪ್ಪು ಸೋಸುವುದು – ಅಜ್ಜಿ
ನೀರು, ತಾಟು – ತಮ್ಮ
ಭಾಂಡೆ ತೊಳೆಯುವುದು – ..........

ಕಡೆಯ ಸಾಲನ್ನು ಖಾಲಿ ಬಿಟ್ಟಿದ್ದೇವೆ. ಮನೆಯಲ್ಲಿ ಎಲ್ಲರನ್ನೂ ಕೇಳಿ ಅಲ್ಲಿ ಒಂದು ಹೆಸರು ಬರೆಯಿರಿ. ಅವ್ವನ ಹೆಸರು ಮೇಲೆ ಬಂದುಹೋಗಿದೆ.