ಶತ್ರು ಬಂದ, ದನ ಬಿಟ್ಟು ಹೋದ

ಪ್ರಶ್ನೆ: ಪಿಯುಸಿ ಓದುತ್ತಿರುವ ನನ್ನ ಮಗ ಬಿಡುವಾದಾಗ ಕಂಪ್ಯೂಟರಿನಲ್ಲಿ ರಿಮ್‌ವರ್ಲ್ಡ್ ಎಂಬ ಆಟ ಆಡುತ್ತಾನೆ. ಅದರಲ್ಲಿ ಊರು ಕಟ್ಟಬೇಕು, ಬೆಳೆ ಬೆಳೆಯಬೇಕು, ದನ ಸಾಕಬೇಕು. ಆಗಾಗ ದಾಳಿಕೋರರು ಬಂದು ಮನೆಗೆ ಬೆಂಕಿ ಹಚ್ಚುತ್ತಾರೆ, ಗಾಯಗೊಂಡವರನ್ನು ಹೊತ್ತೊಯ್ಯುತ್ತಾರೆ. ಆದರೆ ಬೇಲಿಯೊಳಗಿನ ಹಸುಗಳನ್ನು ಕದ್ದೊಯ್ಯುವುದೇ ಇಲ್ಲ. ಹಿಂದೆ ನಮ್ಮಲ್ಲಿ ದನಕ್ಕಾಗಿಯೇ ಕಾಳಗ ನಡೆಯುತ್ತಿತ್ತೆಂದು ಓದಿದ್ದೇನೆ. ಆಟದ ಶತ್ರುಗಳಿಗೆ ದನ ಯಾಕೆ ಬೇಡ?
— ಓದುಗರೊಬ್ಬರು, ಕೊಪ್ಪ

ಉತ್ತರ: ಬೇಡ ಎಂದಲ್ಲ, ದನ ಹೊಡೆದುಕೊಂಡು ಹೋಗುವ ವಿದ್ಯೆಯನ್ನು ಅವರಿಗೆ ಯಾರೂ ಕಲಿಸಿಲ್ಲ. ಕೆನಡಾದ ಟೈನನ್ ಸಿಲ್ವೆಸ್ಟರ್ ರೂಪಿಸಿದ ಈ ಆಟ ಪೂರ್ಣರೂಪದಲ್ಲಿ ಬಂದದ್ದು 2018ರಲ್ಲಿ. ಅದರಲ್ಲೊಂದು ತಮಾಷೆಯಿದೆ. ದಾಳಿಗೆ ಎಷ್ಟು ಜನರನ್ನು ಕಳಿಸಬೇಕೆಂದು ಆಟ ನಿರ್ಧರಿಸುವುದು ಬಹುಮಟ್ಟಿಗೆ ಊರಿನ ಒಟ್ಟು ಆಸ್ತಿ ನೋಡಿ. ಆ ಆಸ್ತಿಯಲ್ಲಿ ಸಾಕಿದ ಪ್ರಾಣಿಗಳ ಬೆಲೆಯೂ ಸೇರುತ್ತದೆ. ಅಂದರೆ ನಿಮ್ಮ ಮಗ ಕೊಟ್ಟಿಗೆ ತುಂಬಿಸಿದಷ್ಟೂ ದಂಡು ದೊಡ್ಡದಾಗುತ್ತದೆ. ಬಂದ ದಂಡು ಮಾತ್ರ ಬೆಳ್ಳಿ, ಔಷಧಿ, ಬಂದೂಕು ಹೊತ್ತು ಓಡುತ್ತದೆ, ಹಸು ಅಲ್ಲೇ ಮೆಲುಕು ಹಾಕುತ್ತಿರುತ್ತದೆ. ಲೆಕ್ಕ ಬರೆಯುವವನಿಗೆ ದನದ ಬೆಲೆ ಗೊತ್ತು, ದೋಚುವವನಿಗೆ ಗೊತ್ತಿಲ್ಲ!

ಇದಕ್ಕೆ ಕಾರಣ ಪ್ರೋಗ್ರಾಂ ಬರೆಯುವವರ ಕಷ್ಟ ಇರಬೇಕು. ಆಟದ ಶತ್ರು ಕ್ಷಣಕ್ಷಣವೂ ಸುತ್ತ ನೋಡಿ ಯಾರ ಮೇಲೆ ಬೀಳಬೇಕೆಂದು ಆರಿಸಿಕೊಳ್ಳುತ್ತಾನೆ. ಆ ಪಟ್ಟಿಗೆ ದನವನ್ನೂ ಸೇರಿಸಿದರೆ ಆಡುವವರು ಹೂಡುವ ಉಪಾಯ ಒಂದೇ: ಶಿಕಾರಿಯವರು ಹುಲಿಗೆ ಎಮ್ಮೆಗರು ಕಟ್ಟುತ್ತಿದ್ದ ಹಾಗೆ ಬಡಪಾಯಿ ಮೇಕೆಯೊಂದನ್ನು ಬಯಲಲ್ಲಿ ನಿಲ್ಲಿಸುವುದು, ಶತ್ರುಗಳು ಅದರ ಮೇಲೆ ಮುಗಿಬಿದ್ದಾಗ ಮರೆಯಿಂದ ಗುಂಡು ಹಾರಿಸುವುದು. 2006ರಲ್ಲಿ ಬಂದ ಡ್ವಾರ್ಫ್ ಫೋರ್ಟ್ರೆಸ್ ಎಂಬ ಆಟ ಇದಕ್ಕೆ ಅಂಜಲಿಲ್ಲ. ಅಲ್ಲಿ ಮುತ್ತಿಗೆ ಹಾಕುವ ಗಾಬ್ಲಿನ್‌ಗಳು ಕೋಟೆಯ ಹೊರಗೆ ಮೇಯುವ ದನಗಳನ್ನು ಸಿಕ್ಕಲ್ಲೇ ಕೊಚ್ಚಿಹಾಕುತ್ತವೆ. ಮೈನ್‌ಕ್ರಾಫ್ಟ್ ಆಟದ ಜೋಂಬಿ ಹಸುವಿನ ಪಕ್ಕದಲ್ಲೇ ಹಾದು ಮನುಷ್ಯನ ಕಡೆ ಬರುತ್ತದೆ. ಒಂದು ಕೊಲ್ಲುತ್ತದೆ, ಇನ್ನೊಂದು ಕಣ್ಣೆತ್ತಿಯೂ ನೋಡುವುದಿಲ್ಲ. ಚರಿತ್ರೆಯ ಶತ್ರು ಮಾಡುತ್ತಿದ್ದುದು ಇವೆರಡನ್ನೂ ಅಲ್ಲ. ಅವನಿಗೆ ದನ ಜೀವಂತ ಬೇಕಿತ್ತು.

ದನ ಹಿಡಿದೊಯ್ಯುವ ಇಂಥ ದಾಳಿಯನ್ನು ನಮ್ಮ ಶಾಸನಗಳು ತುರುಗೋಳ್ ಎನ್ನುತ್ತವೆ; ತುರು ಎಂದರೆ ದನ. ಸೊರಬ, ಶಿಕಾರಿಪುರದ ಕಡೆ ಹೋದವರು ವೀರಗಲ್ಲುಗಳನ್ನು ನೋಡಿಯೇ ಇರುತ್ತೀರಿ. ಮೂರು ಅಂತಸ್ತಿನ ಕಲ್ಲಿನಲ್ಲಿ ಕೆಳಗೆ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗ. ತುರು ಕಾಳಗದ ಕಲ್ಲಾದರೆ ಕೆಳಗಿನ ಪಟ್ಟಿಕೆಯಲ್ಲಿ ದನಗಳ ಸಾಲೂ ಇರುತ್ತದೆ. ಸತ್ತವನ ಮನೆಯವರಿಗೆ ಊರು ಭೂಮಿ ಬಿಡುತ್ತಿತ್ತು, ಅದಕ್ಕೆ ನೆತ್ತರುಗೊಡಗೆ ಎಂದು ಹೆಸರು. ನಿಮ್ಮ ಕೊಪ್ಪದ ಕಡೆಯ ಶಾಸನಗಳನ್ನು ಓದುವ ಆಸೆಯಿದ್ದರೆ ಬಿ.ಎಲ್. ರೈಸ್ 1901ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕದ 6ನೇ ಸಂಪುಟ, ಅಂದಿನ ಕಡೂರು ಜಿಲ್ಲೆಯದು, ಹುಡುಕಿ ನೋಡಿ.

ಈ ಕಾಳಗಗಳಲ್ಲಿ ನಿಜವಾದ ಹೋರಾಟ ಶತ್ರು ಬಂದಾಗ ಆಗುತ್ತಿರಲಿಲ್ಲ, ಹೊರಟಾಗ ಆಗುತ್ತಿತ್ತು. ದನಕ್ಕೆ ಅವಸರವಿಲ್ಲ. ಕರು ಹಿಂದೆ ಬಿದ್ದರೆ ತಾಯಿ ತಿರುಗಿ ನಿಲ್ಲುತ್ತದೆ, ಹಳ್ಳ ಕಂಡರೆ ಮಂದೆ ನೀರಿಗಿಳಿಯುತ್ತದೆ, ಹೋದ ದಾರಿಯುದ್ದಕ್ಕೂ ಗೊರಸಿನ ಗುರುತು, ಸಗಣಿ. ಬೆನ್ನಟ್ಟಿದವರಿಗೆ ಹಾದಿ ಕೇಳುವ ಪ್ರಮೇಯವೇ ಇಲ್ಲ. ಆದ್ದರಿಂದಲೇ ಊರಿನ ನಾಲ್ಕಾರು ಜನ ಹಿಂದೆ ಓಡಿ ದಂಡನ್ನು ಹಿಡಿಯಲು ಸಾಧ್ಯವಾಗುತ್ತಿತ್ತು, ಆದ್ದರಿಂದಲೇ ಅವರಲ್ಲಿ ಕೆಲವರು ಕಲ್ಲಾದರು. ಆಟದಲ್ಲಿ ಶತ್ರು ನಕ್ಷೆಯ ಅಂಚು ಮುಟ್ಟಿದರೆ ಮಾಯವಾಗುತ್ತಾನೆ. ತುರುಗೋಳಿನ ಕಥೆ ಶುರುವಾಗುವುದೇ ಆ ಅಂಚಿನ ಆಚೆ.

ನಿಮ್ಮ ಕಡೆ ತಾಳಮದ್ದಲೆ ಕೇಳುವವರಿಗೆ ಇದು ಹೊಸದಲ್ಲ. ವಿರಾಟಪರ್ವದಲ್ಲಿ ಸುಶರ್ಮ ಮೊದಲು ದಕ್ಷಿಣದ ದನಗಳನ್ನು ಹಿಡಿಯುತ್ತಾನೆ. ವಿರಾಟ ಸೈನ್ಯ ಕಟ್ಟಿಕೊಂಡು ಅತ್ತ ಹೋದ ಮೇಲೆ ಕೌರವರು ಉತ್ತರದಲ್ಲಿ ತುರು ಸೆರೆಹಿಡಿಯುತ್ತಾರೆ, ಅರಮನೆಯಲ್ಲಿ ಉಳಿದವನು ಬಾಯಿಬಡುಕ ಉತ್ತರಕುಮಾರ. ದುರ್ಯೋಧನನಿಗೆ ಹಾಲು ಬೇಕಿರಲಿಲ್ಲ. ದನ ಹಿಡಿದರೆ ಅಡಗಿರುವ ಪಾಂಡವರು ಹೊರಬಂದೇ ಬರುತ್ತಾರೆಂಬ ಲೆಕ್ಕ ಅವನದು. ಅರ್ಜುನನೂ ಕಡಿಮೆಯವನಲ್ಲ. ಭೀಷ್ಮ, ದ್ರೋಣರನ್ನು ಪಕ್ಕಕ್ಕೆ ಬಿಟ್ಟು, ದನ ಹೊಡೆದುಕೊಂಡು ಹೊರಟ ದುರ್ಯೋಧನನ ಬೆನ್ನು ಹತ್ತಿ, ಮೊದಲು ದನಗಳನ್ನು ಊರಿನತ್ತ ತಿರುಗಿಸುತ್ತಾನೆ. ದೊಡ್ಡ ಯುದ್ಧ ಆಮೇಲೆ. ಇಷ್ಟು ಚಂದದ ದಾಳಿಯನ್ನು ನಾನು ಯಾವ ಆಟದಲ್ಲೂ ಕಂಡಿಲ್ಲ.

ಶೃಂಗೇರಿಯ ದಾಳಿ ಬೇರೆ ಬಗೆಯದು. 1791ರಲ್ಲಿ, ಮೂರನೆಯ ಮೈಸೂರು ಯುದ್ಧದ ನಡುವೆ, ಮರಾಠಾ ಸೈನ್ಯದ ಜೊತೆಗಿದ್ದ ಪಿಂಡಾರಿಗಳು ಮಠವನ್ನು ದೋಚಿದರು. ಸ್ವಾಮಿಗಳು ಕಾರ್ಕಳಕ್ಕೆ ಹೋಗಬೇಕಾಯಿತು. ಆಗ ಟಿಪ್ಪು ಮಠಕ್ಕೆ ಬರೆದ ಕನ್ನಡ ಪತ್ರಗಳನ್ನು 1916ರಲ್ಲಿ ಬೆಳಕಿಗೆ ತಂದವರು ಆರ್. ನರಸಿಂಹಾಚಾರ್. ಇದು ದನಕ್ಕಾಗಿ ನಡೆದ ದಾಳಿಯಲ್ಲ, ಆದರೆ ಆ ಕಾಲದ ಯಾವ ಸೈನ್ಯವೂ ಎತ್ತಿಲ್ಲದೆ ಹೆಜ್ಜೆ ಇಡುತ್ತಿರಲಿಲ್ಲ. ಫಿರಂಗಿ ಎಳೆಯುವುದಕ್ಕೂ ಎತ್ತು, ಅಕ್ಕಿ ಹೊರುವುದಕ್ಕೂ ಎತ್ತು. ಮೈಸೂರಿನ ಚಿಕ್ಕದೇವರಾಜ ಒಡೆಯರ ಬೆಣ್ಣೆಚಾವಡಿ ಎಂಬ ದನದ ಇಲಾಖೆಯ ಮಂದೆಯೇ ಟಿಪ್ಪುವಿನ ಕಾಲಕ್ಕೆ ಅಮೃತಮಹಲ್ ಆದದ್ದು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಗೆದ್ದ ಬ್ರಿಟಿಷರು ಆ ಮಂದೆಯನ್ನು ಕೊಂದರೇ? ವಶಕ್ಕೆ ತೆಗೆದುಕೊಂಡರು. ನೋಡಿಕೊಳ್ಳಲು ಮೈಸೂರಿನವರಿಗೆ ಕೊಟ್ಟು ನೋಡಿದರು, ತಳಿ ಹಾಳಾಗುತ್ತಿದೆ ಅನ್ನಿಸಿದಾಗ 1813ರಲ್ಲಿ ಕ್ಯಾಪ್ಟನ್ ಹಾರ್ವೆಯ ಕೈಗೆ ಒಪ್ಪಿಸಿದರು. ಅದೇ ತಳಿ ಇವತ್ತೂ ನಿಮ್ಮ ಜಿಲ್ಲೆಯ ಅಜ್ಜಂಪುರದ ತಳಿ ಸಂವರ್ಧನಾ ಕೇಂದ್ರದಲ್ಲಿದೆ.

ಒಂದು ವಿಷಯದಲ್ಲಿ ಮಾತ್ರ ಆಟಗಳು ಮಲೆನಾಡನ್ನು ಸರಿಯಾಗಿ ಊಹಿಸಿವೆ. ರಿಮ್‌ವರ್ಲ್ಡಿನಲ್ಲಿ ಹಸಿದ ತೋಳ ಸಾಕುಪ್ರಾಣಿಯನ್ನು ಹಿಡಿಯುತ್ತದೆ. ಮೈನ್‌ಕ್ರಾಫ್ಟಿನಲ್ಲಿ ತೋಳ ಕುರಿಯನ್ನು, ನರಿ ಕೋಳಿಯನ್ನು ಹಿಡಿಯುತ್ತದೆ. ಬೆಳಿಗ್ಗೆ ದಣಪೆ ತೆಗೆದರೆ ಸಂಜೆವರೆಗೆ ಹಾಡ್ಯ, ಗುಡ್ಡ ಸುತ್ತಿ ತಾನಾಗಿ ಮನೆಗೆ ಬರುವ ಮಲೆನಾಡು ಗಿಡ್ಡಕ್ಕೆ ಚಿರತೆ, ಹುಲಿಯ ಭಯ ಇದ್ದದ್ದೇ. ಕಾಡುಪ್ರಾಣಿ ದನ ಹಿಡಿಯುವುದನ್ನು ಬರೆಯುವುದು ಸುಲಭ: ಹಸಿವು, ಬೇಟೆ, ಮುಗಿಯಿತು. ದನಗಳ್ಳನನ್ನು ಬರೆಯಬೇಕಾದರೆ ಅವನಿಗೆ ತಾಳ್ಮೆ, ದಾರಿ, ಕೊಳ್ಳುವವ ಎಲ್ಲ ಬೇಕು. ಈಗಿನ ಕಳ್ಳ ಬೆನ್ನಟ್ಟುವವರ ತೊಂದರೆಯನ್ನೂ ತಪ್ಪಿಸಿಕೊಂಡಿದ್ದಾನೆ. ರಾತ್ರಿ ರಸ್ತೆಬದಿ ಮಲಗಿದ ದನವನ್ನು ವಾಹನಕ್ಕೆ ತುಂಬಿದರೆ ಗೊರಸಿನ ಗುರುತೂ ಇರುವುದಿಲ್ಲ.

ಮಗನಿಗೆ ತುರುಗೋಳಿನ ರುಚಿ ಹತ್ತಿಸಬೇಕೆಂದಿದ್ದರೆ 1999ರ ಏಜ್ ಆಫ್ ಎಂಪೈರ್ಸ್ 2 ಆಡಲು ಹೇಳಿ. ಅದರಲ್ಲಿ ಕಾಯುವವರಿಲ್ಲದ ಕುರಿಯ ಹತ್ತಿರ ಎದುರಾಳಿಯ ಕುದುರೆ ಸವಾರ ಬಂದರೆ ಸಾಕು, ಕುರಿ ಅವನದಾಗುತ್ತದೆ, ಅವನು ಅದನ್ನು ತನ್ನೂರಿಗೆ ನಡೆಸಿಕೊಂಡು ಹೋಗಬಹುದು. ದಾರಿಯಲ್ಲಿ ಅಡ್ಡಹಾಕಿ ನೀವು ಮರಳಿ ಪಡೆಯಲೂಬಹುದು. ನುರಿತವರು ಆಟ ಶುರುವಾದ ಕೂಡಲೇ ಸವಾರನನ್ನು ಅಟ್ಟುವುದರಲ್ಲಿ ಈ ಕಳ್ಳತನದ ಆಸೆಯೂ ಇರುತ್ತದೆ.