ತಮ್ಮಾ, ದುಡಿಯುವ ಮಶೀನಿಗೆ ಕೈ ಹಚ್ಚಬೇಡ

ತಮ್ಮಾ, ನೀನು ಜಾಣ, ಅದರಲ್ಲಿ ಎರಡು ಮಾತಿಲ್ಲ. ಕಮಲಾಪುರದಲ್ಲಿ ಆನ್‌ಲೈನ್ ಸೆಂಟರ್ ಇಟ್ಟು, ಹಳೇ ಕಂಪ್ಯೂಟರುಗಳ ಧೂಳು ಝಾಡಿಸಿ ಲಿನಕ್ಸ್ ಹಾಕುತ್ತೇನೆ ಅಂದೆಯಲ್ಲ, ಕೇಳಿ ಹಿಗ್ಗಿದೆ. 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್‌ನವರು ವಿಂಡೋಸ್ 10ರ ಕೈಬಿಟ್ಟರು. ಗಟ್ಟಿಮುಟ್ಟಾದ ಮಶೀನನ್ನು ಗುಜರಿಗೆ ಹಾಕುವುದಕ್ಕಿಂತ ನಿನ್ನ ಉಪಾಯವೇ ಮೇಲು. ಆದರೆ ನಿನ್ನ ಕಾಲು ಒಂದು ಕಡೆ ನಿಲ್ಲುವುದಿಲ್ಲ ನೋಡು. ಲಿನಕ್ಸ್‌ನಲ್ಲೇ ಮೊನ್ನೆ ಉಬುಂಟು, ನಿನ್ನೆ ಫೆಡೋರಾ, ಇವತ್ತು ಆರ್ಚ್. ನಾಳೆ ಏನೋ, ಆ ಶರಣಬಸಪ್ಪನೇ ಬಲ್ಲ.

ಮುತ್ಯಾ ಹಳೇ ಕಾಲದವ, ಇವನಿಗೇನು ತಿಳಿದೀತು ಅಂತ ನಗಬೇಡ. ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರ ಡಿಟಿಪಿ ಅಂಗಡಿ ನಡೆಸಿದವ ನಾನು. ಲಗ್ನಪತ್ರಿಕೆ ಕೈಗೆ ಸಿಗದೆ ಎದುರಿಗೆ ನಿಂತ ಹೆಣ್ಣಿನ ತಂದೆಯ ಮುಖ ಒಮ್ಮೆ ನೋಡಿದರೆ ಸಾಕು, ಲೇಟೆಸ್ಟ್ ಅನ್ನುವ ಹುಚ್ಚು ತಾನಾಗಿ ಇಳಿಯುತ್ತದೆ.

"ಯಾವುದು ಚಲೋ ಮುತ್ಯಾ?" ಅಂತ ಕೇಳುತ್ತೀಯಲ್ಲ, ಎಲ್ಲವೂ ಚಲೋ ಅವೆ. ಅದು ಕೈಕೊಟ್ಟ ದಿನ ನಿನ್ನ ಎದುರಿಗೆ ಯಾರು ನಿಂತಿರುತ್ತಾರೆ, ಅದನ್ನು ಕೇಳಿಕೋ. ಸಿಇಟಿ ಅರ್ಜಿಗೆ ಕಡೇ ದಿನ. ತಾಂಡಾದಿಂದ ಒಬ್ಬ ಹುಡುಗಿ ಬಂದಿದ್ದಾಳೆ, ಅವಳಪ್ಪ ಆ ದಿನದ ಕೂಲಿ ಬಿಟ್ಟು ಜೊತೆಗೆ ಬಂದಿದ್ದಾನೆ. ಆಗ ನಿನ್ನ ಸ್ಕ್ಯಾನರ್ ಮಾತು ಕೇಳಲಿಲ್ಲ ಅಂದರೆ, ನಿನ್ನ ಲಿನಕ್ಸಿನ ತಿರುಳು, ಆ ಹೊಸ ಕರ್ನೆಲ್, ಕಟ್ಟಿಕೊಂಡು ಅವಳಿಗೇನಾಗಬೇಕಾಗಿದೆ?

ಇದಕ್ಕೂ ನಿನ್ನ ಹತ್ತಿರ ಉತ್ತರ ತಯಾರು: ಲೈನಸ್ ಟೊರ್ವಾಲ್ಡ್ಸ್ ಸ್ವತಃ ಫೆಡೋರಾ ಬಳಸುತ್ತಾನಂತೆ. ಬಳಸಲಿ ಬಿಡು! ಕರ್ನೆಲ್ ಹುಟ್ಟಿಸಿದವ ಅವನು, ಕೆಟ್ಟರೆ ತಾನೇ ಕೂತು ರಿಪೇರಿ ಮಾಡುತ್ತಾನೆ. ನೀನು ರಾತ್ರಿ ಹನ್ನೊಂದಕ್ಕೆ ನನಗೆ ಫೋನ್ ಹಚ್ಚುತ್ತೀ: "ಮುತ್ಯಾ, ಅಪ್‌ಡೇಟ್ ಹೊಡದೆ, ವೈಫೈ ಹೋಗ್ಯಾದ."

ಡೆಬಿಯನ್ ಅನ್ನುವ ಇನ್ನೊಂದು ಲಿನಕ್ಸ್ ಇದೆ, ಅವರ ಪದ್ಧತಿ ನೋಡು. 1993ರಿಂದ ನಡೆದುಬಂದ ಮನೆ ಅದು. ಹೊಸ ಸಾಮಾನು ಮೊದಲು ಬೀಳುವುದು ಅನ್‌ಸ್ಟೇಬಲ್‌ಗೆ. ಅದಕ್ಕೆ ಸಿಡ್ ಅಂತ ಹೆಸರು. 'ಟಾಯ್ ಸ್ಟೋರಿ' ಸಿನಿಮಾದಲ್ಲಿ ಆಟಿಕೆ ಮುರಿಯುವ ಹುಡುಗನ ಹೆಸರದು, ನಿನ್ನನ್ನೇ ನೋಡಿ ಇಟ್ಟ ಹಾಗಿದೆ. ಅಲ್ಲಿ ತಾಳಿಕೊಂಡದ್ದು ಟೆಸ್ಟಿಂಗ್‌ಗೆ ಇಳಿಯುತ್ತದೆ. ಸುಮಾರು ಎರಡು ವರ್ಷಕ್ಕೊಮ್ಮೆ ಅದನ್ನು ತಡೆಹಿಡಿದು, ದೋಷ ಹೆಕ್ಕಿ ತೆಗೆದು, ಸ್ಟೇಬಲ್ ಅಂತ ಬಿಡುತ್ತಾರೆ. 12ನೆಯದು 2023ರ ಜೂನ್‌ಗೆ ಬಂತು, 13ನೆಯದು 2025ರ ಆಗಸ್ಟ್‌ಗೆ. ಒಮ್ಮೆ ಬಿಟ್ಟ ಮೇಲೆ ಭದ್ರತೆಯ ತೇಪೆ, ದೊಡ್ಡ ದೋಷದ ರಿಪೇರಿ, ಅಷ್ಟೇ. ಐದು ವರ್ಷ ಅದರ ಚಿಂತೆ ಇಲ್ಲ. ಉಬುಂಟುವಿನ ದೀರ್ಘಾವಧಿ ಆವೃತ್ತಿ, ಎಲ್‌ಟಿಎಸ್, ಅದಕ್ಕೂ ಐದು ವರ್ಷ. ಫೆಡೋರಾದ ಒಂದು ಆವೃತ್ತಿಗೆ ಆಯುಷ್ಯ ಹದಿಮೂರು ತಿಂಗಳು. ಆರ್ಚ್‌ಗಂತೂ ಆವೃತ್ತಿಯೇ ಇಲ್ಲ, ಹರಿಯುವ ಹಳ್ಳ.

2024ರ ಮಾರ್ಚ್‌ನಲ್ಲಿ ಒಂದು ಘಟನೆ ನಡೆಯಿತು, ಲಕ್ಷ್ಯಗೊಟ್ಟು ಕೇಳು. ಎಕ್ಸ್‌ಜಡ್ ಅನ್ನುವ ಸಣ್ಣ ಸಾಧನವೊಂದಿದೆ, ಫೈಲ್ ಕುಗ್ಗಿಸುವುದಕ್ಕೆ. ಜಿಯಾ ಟಾನ್ ಅನ್ನುವ ಹೆಸರಿನಲ್ಲಿ ಯಾರೋ ಎರಡು ವರ್ಷಕ್ಕೂ ಮೇಲ್ಪಟ್ಟು ಸೇವೆ ಮಾಡಿ, ನಂಬಿಕೆ ಗಳಿಸಿ, 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಕಳ್ಳಬಾಗಿಲು ಕೂರಿಸಿದರು. ಅದು ಡೆಬಿಯನ್‌ನ ಸಿಡ್‌ಗೆ ಹೊಕ್ಕಿತು, ಟೆಸ್ಟಿಂಗ್‌ಗೂ ಇಳಿಯಿತು. ಸ್ಟೇಬಲ್ ಬಳಸುತ್ತಿದ್ದವರ ಹತ್ತಿರ ಸುಳಿಯಲೇ ಇಲ್ಲ. ಹಿಡಿದದ್ದು ಯಾರು? ಆಂಡ್ರೆಸ್ ಫ್ರಾಯಿಂಡ್ ಅನ್ನುವ ಎಂಜಿನಿಯರ್. ಲಾಗಿನ್ ಆಗುವುದು ಅರ್ಧ ಸೆಕೆಂಡ್ ತಡವಾಯಿತು ಅಂತ ಆತ ಬೆನ್ನು ಹತ್ತಿದ. ನೀನಾಗಿದ್ದರೆ ನೆಟ್ ಸ್ಲೋ ಅಂತ ಚಹಾ ಕುಡಿಯಲು ಎದ್ದು ಹೋಗುತ್ತಿದ್ದೆ.

ಇಲ್ಲೊಂದು ನ್ಯಾಯದ ಮಾತು ಹೇಳಿಬಿಡುತ್ತೇನೆ. ಅವನಿಗೆ ಅದು ಸಿಕ್ಕಿದ್ದು ಸಿಡ್ ಓಡಿಸುತ್ತಿದ್ದ ಮಶೀನಿನಲ್ಲೇ. ಹೊಸದನ್ನು ಮೈಮೇಲೆ ಹಾಕಿಕೊಳ್ಳುವವರು ಇಲ್ಲದಿದ್ದರೆ ನಮ್ಮ ಸ್ಟೇಬಲ್ ಎಲ್ಲಿಂದ ಬರಬೇಕು? ಹಾಗಾಗಿ ನಿನ್ನ ಕುತೂಹಲವನ್ನು ನಾನು ಬಯ್ಯುವುದಿಲ್ಲ. ಅದನ್ನು ಗಿರಾಕಿಯ ತಲೆ ಮೇಲೆ ಪರೀಕ್ಷೆ ಮಾಡಬೇಡ, ಅಷ್ಟೇ ನನ್ನ ತಕರಾರು. ನಿಮ್ಮಪ್ಪ ಟಿಎಸ್-3ಆರ್ ತೊಗರಿ ಮೊದಲ ಸಲ ತಂದಾಗ ಇಡೀ ಹೊಲಕ್ಕೆ ಬಿತ್ತಿದನೇ? ಒಂದು ಎಕರೆಗೆ ಹಾಕಿ, ರಾಶಿ ಆಗುವ ತನಕ ಕಾದ. ನಿನ್ನ ಹತ್ತಿರ ಒಂದು ಹಳೇ ಲ್ಯಾಪ್‌ಟಾಪ್ ಇದೆ. ಆರ್ಚ್‌ಗೆ ಅದೇ ಆ ಒಂದು ಎಕರೆ.

ಹೀಗೆ ಕಾಯುವವರು ಇನ್ನೂ ಇದ್ದಾರೆ. ಕಾಸರಗೋಡಿನ ಕನ್ನಡ ಶಾಲೆಗಳ ಮಕ್ಕಳು ಕಂಪ್ಯೂಟರ್ ಕಲಿಯುವುದು ಕೇರಳ ಸರ್ಕಾರದ ಕೈಟ್ ಗ್ನೂ/ಲಿನಕ್ಸ್ ಮೇಲೆ. ಅದರ 22.04 ಆವೃತ್ತಿ ಬಂದದ್ದು 2024ರಲ್ಲಿ, ತಳಪಾಯ ಮಾತ್ರ 2022ರ ಉಬುಂಟು ಎಲ್‌ಟಿಎಸ್. ಶಾಲೆಯ ಮಕ್ಕಳು ಪರೀಕ್ಷೆ ಬರೆಯುವ ಮಶೀನಿಗೆ ಅವರು ಅವಸರ ಮಾಡಲಿಲ್ಲ.

ಸ್ಟೇಬಲ್‌ಗೂ ಅಂಟಿಕೊಂಡು ಕೂರಬೇಡ. ಮೊನ್ನೆ ಮೊನ್ನೆ ಬಂದ ಲ್ಯಾಪ್‌ಟಾಪ್ ಕೊಂಡರೆ ಅದರ ವೈಫೈ ಚಿಪ್ ಹಳೇ ಕರ್ನೆಲ್‌ಗೆ ಗುರುತೇ ಸಿಗದೆ ಹೋಗಬಹುದು. ಆಗ ಡೆಬಿಯನ್‌ನವರ ಬ್ಯಾಕ್‌ಪೋರ್ಟ್ಸ್ ಭಂಡಾರದಿಂದ ಕರ್ನೆಲ್ ಒಂದನ್ನೇ ಹೊಸದು ತಂದುಕೋ. ಅದಕ್ಕೂ ಬಗ್ಗದಿದ್ದರೆ ಆ ಒಂದಕ್ಕೆ ಫೆಡೋರಾ ಹಾಕು, ನಾನೇನೂ ಅನ್ನುವುದಿಲ್ಲ. ಒಂದೇ ಆ್ಯಪ್ ಹೊಸದು ಬೇಕಾದರೆ ಫ್ಲ್ಯಾಟ್‌ಪ್ಯಾಕ್ ಇದೆ, ಇಡೀ ಮನೆ ಕೆಡವಬೇಕಿಲ್ಲ. ಬೆರಳಚ್ಚು ಮಶೀನಿಗೆ ವಿಂಡೋಸ್ ಡ್ರೈವರ್ ಮಾತ್ರ ಸಿಕ್ಕರೆ ಒಂದು ವಿಂಡೋಸ್ ಮಶೀನ್ ಇರಲಿ, ಹಠ ಬೇಡ. ಹಳೇ 'ನುಡಿ' ತಂತ್ರಾಂಶದ ಫೈಲುಗಳನ್ನು ಮೊದಲೇ ಯೂನಿಕೋಡ್‌ಗೆ ಬದಲಿಸಿಟ್ಟುಕೋ. ಕನ್ನಡ ಟೈಪ್ ಮಾಡಲು ಲಿನಕ್ಸಿನ ಐಬಸ್‌ನಲ್ಲಿ ಕೆಜಿಪಿ ಕೀಲಿಮಣೆ ಇದೆ, ನಿನ್ನ ಬೆರಳಿಗೆ ರೂಢಿಯಾದದ್ದೇ.

ಇನ್ನು ಆ ಅಪ್‌ಡೇಟ್ ಚಟ. ಬೆಳಿಗ್ಗೆ ಅಂಗಡಿ ಬಾಗಿಲು ತೆಗೆದ ಕೂಡಲೇ ಹೊಡೆಯಬೇಡ. ನಡುವೆ ಕರೆಂಟ್ ಹೋದರೆ ಅರ್ಧ ಹೊಸದು, ಅರ್ಧ ಹಳೆಯದು ಆಗಿ ಕೂರುತ್ತದೆ. ಭದ್ರತೆಯ ತೇಪೆಯನ್ನಂತೂ ತಪ್ಪಿಸಬೇಡ, ಆದರೆ ಸಂಜೆ ಗಿರಾಕಿ ಹೋದ ಮೇಲೆ, ಯುಪಿಎಸ್ ತುಂಬಿದೆಯೋ ಇಲ್ಲವೋ ನೋಡಿ, ಮೊದಲು ಒಂದು ಮಶೀನಿಗೆ ಹಾಕು. ಮರುದಿನ ಪ್ರಿಂಟರ್, ಸ್ಕ್ಯಾನರ್ ಎರಡೂ ನಡೆದರೆ ಉಳಿದವಕ್ಕೆ.

ಬರುವ ಭಾನುವಾರ ಬಿಡುವು ಮಾಡಿಕೋ. ಗಿರಾಕಿಗಳ ಫೈಲೆಲ್ಲ ಬೇರೆ ಡಿಸ್ಕಿಗೆ ಇಳಿಸಿ, ಅಂಗಡಿಯ ಮಶೀನುಗಳಿಗೆ ಡೆಬಿಯನ್ 13 ಹಾಕಿಬಿಡು. ಸಿಇಟಿ ಅರ್ಜಿ ಶುರುವಾಗುವ ಮುಂಚೆ ಮುಗಿಸು.